ಹಳೆಯ ಕೋವಿಯ ಮುರಿದ ಹಿಡಿ

ಕೊಡಗಿನ ಐನ್‌ಮನೆಗಳಲ್ಲಿಯೂ ಮಲೆನಾಡಿನ ತೋಟದ ಮನೆಗಳಲ್ಲಿಯೂ ಎರಡು ಮೂರು ತಲೆಮಾರುಗಳಿಂದ ಉಳಿದುಬಂದಿರುವ ತೋಟಾ ಕೋವಿಗಳಲ್ಲಿ ಬಹುಪಾಲು, ಅರಸರ ಶಸ್ತ್ರಾಗಾರಗಳಲ್ಲಿ ಕಾಣಸಿಗುವಂಥ ಕೆತ್ತನೆಯ ಕೆಲಸದ ಅಮೂಲ್ಯ ವಸ್ತುಗಳಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿಯೋ ಬೆಲ್ಜಿಯಮಿನ ಲಿಯೇಜಿನಲ್ಲಿಯೋ ಸಾಮಾನ್ಯ ಕೃಷಿಕನ ಕೈಗೆಟುಕುವ ಬೆಲೆಗೆಂದು ತಯಾರಾಗಿ ಹಡಗೇರಿ ಬಂದ, ಇಲ್ಲವೆ ಸ್ವಾತಂತ್ರ್ಯಾನಂತರ ನಮ್ಮ ದೇಶದ ಕಾರ್ಖಾನೆಗಳಲ್ಲಿಯೇ ಸಿದ್ಧವಾದ, ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ಸಾದಾ ಕೋವಿಗಳು ಅವು. ಅಂಥ ಕೋವಿಯನ್ನು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆಂದು ಬೀರುವಿನಿಂದ ಹೊರತೆಗೆದು, ಒರಸಿ, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುವ ಹೊತ್ತಿನಲ್ಲಿ, ಮರದ ಹಿಡಿಯ ಕೊರಳಿನಲ್ಲಿ ಕೂದಲೆಳೆಯಷ್ಟು ಸಣ್ಣದೊಂದು ಕಪ್ಪು ಗೆರೆ ಮನೆಯ ಯಜಮಾನನ ಕಣ್ಣಿಗೆ ಬೀಳುವುದುಂಟು. ಬೆಲೆ ಕಡಮೆಯ ಕೋವಿಯೆಂಬ ಕಾರಣದಿಂದ ಅದಕ್ಕೆ ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಸುತ್ತಿಯೋ ತಗಡಿನ ಪಟ್ಟಿಯನ್ನು ಮೊಳೆಯಿಂದ ಬಡಿದೋ ಮತ್ತೆ ಮೂಲೆಗಿಡುವುದು ವಾಡಿಕೆಯಾಗಿದೆ. ಆದರೆ ಹಿಡಿ ಬಿರಿದ ಕೋವಿ ಸುಲಭದಲ್ಲಿ ದುರಸ್ತಿಯಾಗತಕ್ಕ ವಸ್ತುವೆಂಬುದನ್ನೂ, ಬಿರುಕಿಗೆ ಅಂಟು ಹಾಕುವುದಕ್ಕಿಂತ ಬಿರುಕು ಹುಟ್ಟಿದ ಕಾರಣವನ್ನು ಕಳೆಯುವುದೇ ಆ ದುರಸ್ತಿಯ ಮುಖ್ಯ ಭಾಗವೆಂಬುದನ್ನೂ ಓದುಗರಿಗೆ ತಿಳಿಸಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲಿಗೆ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಪ್ರಕರಣದ ಪ್ರಕಾರ ಬಂದೂಕುಗಳ ತಯಾರಿಕೆ, ಮಾರಾಟಗಳಿಗೆ ಹೇಗೋ ಹಾಗೆಯೇ ಅವುಗಳ ದುರಸ್ತಿಗೂ ಪರೀಕ್ಷೆಗೂ ಲೈಸೆನ್ಸು ಅಗತ್ಯ. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರ ಅಕ್ಟೋಬರ್ ಅಂತ್ಯದವರೆಗೆ ಈಗ ಜಾರಿಯಲ್ಲಿರುವ ವಿನಾಯಿತಿಯು ಕೋವಿಯನ್ನು ಹೊಂದುವುದಕ್ಕೂ ಒಯ್ಯುವುದಕ್ಕೂ ಸಂಬಂಧಪಟ್ಟುದೇ ಹೊರತು ದುರಸ್ತಿಯ ಕಸುಬಿಗೆ ಸಂಬಂಧಪಟ್ಟುದಲ್ಲ. ಆದುದರಿಂದ ಮುಂದೆ ವಿವರಿಸುವ ಕೆಲಸವನ್ನು ಲೈಸೆನ್ಸು ಪಡೆದ ಕೋವಿ ರಿಪೇರಿಯವರ ಅಂಗಡಿಯಲ್ಲಿಯೇ ಮಾಡಿಸತಕ್ಕುದು. ಹಾಗಿದ್ದರೆ ಯಜಮಾನನು ಈ ವಿವರಗಳನ್ನು ತಿಳಿಯುವುದೇಕೆ ಎಂದು ಕೇಳಬಹುದು. ಕಡಮೆ ಬೆಲೆಯ ಕೋವಿಯನ್ನು ರಿಪೇರಿಗೆ ಕೊಟ್ಟಾಗ ಕೆಲಸವೂ ಕಡಮೆಯದೇ ಆಗುವ ಸಂಭವ ಹೆಚ್ಚು. ಏನೇನು ಆಗಬೇಕೆಂಬುದನ್ನು ಬಲ್ಲವನು ಮಾತ್ರ ಹೊರಗಿನ ಮೆರುಗೆಣ್ಣೆಗೆ ಮೋಸಹೋಗದೆ ಒಳಗಿನ ಕೆಲಸವನ್ನು ಕೇಳಿ ಮಾಡಿಸಿಕೊಳ್ಳಬಲ್ಲನು.

ಇನ್ನು ಹಿಡಿ ಏಕೆ ಬಿರಿಯುತ್ತದೆಂಬುದನ್ನು ನೋಡೋಣ. ಹನ್ನೆರಡು ಬೋರಿನ ಒಂದು ಸಾಮಾನ್ಯ ತೋಟಾ ಸುಮಾರು 32 ಗ್ರಾಂ ತೂಕದ ಚರೆಯನ್ನು ಸೆಕೆಂಡಿಗೆ ಹೆಚ್ಚುಕಡಮೆ 400 ಮೀಟರ್ ವೇಗದಲ್ಲಿ ಮುಂದಕ್ಕೆ ಎಸೆಯುವಾಗ, ಮೂರು ಕಿಲೋಗ್ರಾಂ ತೂಗುವ ಕೋವಿಯು ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಹಿಂದಕ್ಕೆ ನೂಕಲ್ಪಡುತ್ತದೆ. ಆ ನೂಕುವಿಕೆಯಷ್ಟೂ ಉಕ್ಕಿನ ಒಡಲಿನಿಂದ ಮರಕ್ಕೆ, ಮರದಿಂದ ಭುಜಕ್ಕೆ ದಾಟಬೇಕು. ಉಕ್ಕೂ ಮರವೂ ಪರಸ್ಪರ ಸೇರುವ ಮುಖಗಳು ಎಲ್ಲೆಡೆಯಲ್ಲಿಯೂ ಸಮವಾಗಿ ಒತ್ತಿಕೊಂಡಿದ್ದರೆ ಹೊಡೆತವು ಹಂಚಿಹೋಗಿ ಮರಕ್ಕೆ ಯಾವ ಅಪಾಯವೂ ಆಗದು. ಆದರೆ ಬೇಸಗೆಯ ಒಣಹವೆಯಲ್ಲಿ ಮರವು ಸ್ವಲ್ಪ ಕುಗ್ಗಿ, ಹಿಡಿಯನ್ನು ಬಿಗಿಹಿಡಿದ ಬೋಲ್ಟು ಸಡಿಲವಾಗಿ, ನಡುವೆ ಕಾಗದದ ದಪ್ಪದಷ್ಟು ಎಡೆ ಬಿದ್ದಿತೆಂದರೆ ಅಂದಿನಿಂದ ಉಕ್ಕು ಮರವನ್ನು ಒತ್ತುವುದಿಲ್ಲ, ಗುದ್ದುತ್ತದೆ. ಒಡಲಿನ ಹಿಂದಕ್ಕೆ ಚಾಚಿಕೊಂಡಿರುವ ಉಕ್ಕಿನ ಬಾಲವು ಮರದಲ್ಲಿ ತನಗಾಗಿ ಕೊರೆದ ಗೂಡಿನ ಕೊನೆಯನ್ನು ಮುಟ್ಟಿದರಂತೂ, ಸೌದೆಗೆ ಹೊಡೆದ ಬೆಣೆಯಂತೆ ಕೊರಳನ್ನು ಎಳೆಯುದ್ದಕ್ಕೂ ಸೀಳತೊಡಗುತ್ತದೆ.

ಮರದ ಎಳೆಯ ದಿಕ್ಕೂ ಇಲ್ಲಿ ವಿಚಾರಾರ್ಹ. ಬೆಲೆಬಾಳುವ ಕೋವಿಗೆ ಆಕ್ರೋಟು ಮರದ ತುಂಡನ್ನು ಆರಿಸುವಾಗ ಎಳೆಗಳು ಕೊರಳಿನ ಬಾಗನ್ನು ಅನುಸರಿಸಿ ಹರಿಯುವಂತೆ ನೋಡಿಕೊಳ್ಳುವರು. ಅಗ್ಗದ ಕೋವಿಗಳಲ್ಲಿ ಬೀಚ್ ಮರವನ್ನೋ ಬರ್ಚ್ ಮರವನ್ನೋ ಬಣ್ಣ ಬಳಿದು ಆಕ್ರೋಟಿನಂತೆ ಕಾಣಿಸಿರುವುದುಂಟು, ಮತ್ತು ಅಂಥವುಗಳಲ್ಲಿ ಎಳೆಗಳು ಕೊರಳನ್ನು ಅಡ್ಡಡ್ಡಲಾಗಿ ಹಾದು ಹೊರಬೀಳುವ ಸಂಭವವೇ ಹೆಚ್ಚು. ಅಲ್ಲಿಯ ಕೊರಳು ಗುಂಡಿನ ಹೊಡೆತಕ್ಕೆ ತಾಳಿದರೂ, ಮಳೆಗಾಲದ ಜಾರುದಾರಿಯಲ್ಲಿ ಒಮ್ಮೆ ಬಿದ್ದರೆ ಎರಡು ತುಂಡಾಗುತ್ತದೆ. ಈ ಎರಡರಲ್ಲಿ ಉದ್ದುದ್ದವಾಗಿ ಸೀಳಿದ ಮುರಿತವೇ ಲೇಸು. ಅಂಟು ಹಿಡಿಯಲು ಅದರಲ್ಲಿ ವಿಶಾಲವಾದ ಮೇಲ್ಮೈ ದೊರೆಯುವುದು. ಮೊಂಡಾಗಿ ಅಡ್ಡಕ್ಕೆ ಮುರಿದುದಕ್ಕೆ ಕೇವಲ ಅಂಟನ್ನು ನಂಬುವಂತಿಲ್ಲ.

ಹಿಡಿಯ ಚಿಂತೆಗೆ ಮುನ್ನ ನಳಿಗೆಯನ್ನು ಪರೀಕ್ಷಿಸತಕ್ಕುದು. ನಳಿಗೆಯೇ ಅಯೋಗ್ಯವಾದ ಕೋವಿಗೆ ಹೊಸ ಹಿಡಿಯ ವೆಚ್ಚ ವ್ಯರ್ಥ. ಕೋವಿಯನ್ನು ಬಿಚ್ಚಿ, ಕಣ್ಣಿನಿಂದಲೂ ಬೆರಳಿನಿಂದಲೂ ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯ ಅಡಿಭಾಗದ ಮುದ್ರೆಗಳನ್ನು ಓದಬೇಕು. ಲಿಯೇಜಿನ ಪರೀಕ್ಷಾಲಯದ ಮುದ್ರೆಯಲ್ಲಿ ಅಂಡಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ರೋಮನ್ ಅಕ್ಷರಗಳಿರುತ್ತವೆ; 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯಕ್ಕೂ ತನ್ನದೇ ಮುದ್ರೆಗಳುಂಟು. ಈ ಮುದ್ರೆಗಳಿಂದ ಆ ನಳಿಗೆ ಕೇವಲ ಕರಿಮದ್ದಿಗೆ ಪರೀಕ್ಷಿಸಲ್ಪಟ್ಟುದೋ ಹೊಗೆಯಿಲ್ಲದ ಮದ್ದಿಗೂ ತಾಳತಕ್ಕುದೋ ಎಂಬುದನ್ನು ಬಲ್ಲವರು ಹೇಳಬಲ್ಲರು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದ, ಮೇಲ್ಮೈಯಲ್ಲಿ ನೀರಿನ ಅಲೆಗಳಂಥ ಚಿತ್ತಾರ ಕಾಣುವ ಡಮಾಸ್ಕಸ್ ನಳಿಗೆಗಳಲ್ಲಿ ಬೆಸುಗೆಯ ಒಳಗೆ ತುಕ್ಕು ಅಡಗಿರಬಹುದಾದುದರಿಂದ ಅವುಗಳಲ್ಲಿ ಈಗಿನ ತೋಟಾಗಳನ್ನು ಹಾರಿಸಕೂಡದು. ಅಂಥ ಕೋವಿಯ ಹಿಡಿಯನ್ನು ಮನೆತನದ ನೆನಪಿಗಾಗಿ, ಪೂಜೆಯ ದಿನದ ಅಲಂಕಾರಕ್ಕಾಗಿ ಮಾತ್ರ ದುರಸ್ತಿ ಮಾಡಿಸುವುದು ಯುಕ್ತ. ಹಳೆಯ ಕೋವಿಗಳ ತೋಟಾ ಗೂಡು 65 ಮಿಲಿಮೀಟರ್ ಉದ್ದದ್ದಾಗಿದ್ದು, ಇಂದಿನ 70 ಮಿಲಿಮೀಟರಿನ ತೋಟಾ ಅದರೊಳಗೆ ಸರಾಗವಾಗಿ ಸೇರಿದರೂ ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡ ಏರುವುದುಂಟು. ಗೂಡನ್ನು ಅಳೆಯಿಸುವ ಈ ಒಂದು ಕೆಲಸವನ್ನು ಎಷ್ಟೋ ಮನೆಗಳಲ್ಲಿ ಎಂದೂ ಮಾಡಿಸಿಯೇ ಇಲ್ಲ.

ನಳಿಗೆ ಯೋಗ್ಯವೆಂದು ತಿಳಿದ ಬಳಿಕ ಹಿಡಿಯನ್ನು ಬೇರ್ಪಡಿಸುವ ಕೆಲಸ. ಒಂಟಿ ನಳಿಗೆಯ ಅನೇಕ ಅಗ್ಗದ ಕೋವಿಗಳಲ್ಲಿ ಹಿಡಿಯ ಬುಡದ ತಗಡಿನ ಅಥವಾ ರಬ್ಬರಿನ ಮುಚ್ಚಳವನ್ನು ಹಿಡಿದಿರುವ ಎರಡು ಸ್ಕ್ರೂಗಳನ್ನು ಬಿಚ್ಚಿದರೆ, ಒಳಗೆ ಆಳವಾದ ರಂಧ್ರವೊಂದು ಕಾಣುವುದು. ಅದರ ತಳದಲ್ಲಿ, ಹಿಡಿಯ ಉದ್ದಕ್ಕೂ ಹಾದು ಉಕ್ಕಿನ ಒಡಲಿಗೆ ತಿರುಚಿಕೊಂಡಿರುವ ಬೋಲ್ಟಿನ ತಲೆ ಇರುತ್ತದೆ. ನೀಳವಾದ ಸ್ಕ್ರೂಡ್ರೈವರಿನಿಂದ ಅದನ್ನು ಸಡಿಲಿಸಿದರೆ ಹಿಡಿ ನೇರವಾಗಿ ಹಿಂದಕ್ಕೆ ಬರುತ್ತದೆ. ಜೋಡಿ ನಳಿಗೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಬಾಲಕ್ಕೂ ಕೆಳಗಿನ ಟ್ರಿಗರ್ ತಗಡಿಗೂ ನಡುವೆ ಮರವನ್ನು ಹಾದುಹೋಗುವ ಸ್ಕ್ರೂಗಳಿರುವುದರಿಂದ ಕ್ರಮವನ್ನು ಅರಿಯದೆ ಬಿಚ್ಚಕೂಡದು. ಸ್ಕ್ರೂಡ್ರೈವರಿನ ತುದಿಯು ಸ್ಕ್ರೂವಿನ ಗೀರಿಗೆ ಸರಿಸಮನಾಗಿ ತುಂಬಿ ಕೂರಬೇಕು. ಅಂಗಡಿಯಲ್ಲಿ ದೊರೆಯುವ ಇಳಿಜಾರು ತುದಿಯ ಸಾಮಾನ್ಯ ಸ್ಕ್ರೂಡ್ರೈವರುಗಳನ್ನು ತಿಕ್ಕಿ ಸರಿಪಡಿಸದೆ ಬಳಸಿದರೆ ಜಾರಿ ಗೀರನ್ನು ಕೆಡಿಸುತ್ತವೆ. ತುಕ್ಕುಹಿಡಿದು ಕದಲದ ಸ್ಕ್ರೂವಿಗೆ ಕಾಯಿಸಿದ ಬೆಸುಗೆ ಕಡ್ಡಿಯನ್ನು ಕೊಂಚ ಹೊತ್ತು ಮುಟ್ಟಿಸಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು, ಒಂದು ರಾತ್ರಿ ಕಾಯುವ ತಾಳ್ಮೆ ಬೇಕು. ಬಿಚ್ಚುವ ಮುನ್ನ, ಟ್ರಿಗರಿನಿಂದ ಬುಡದ ನಡುವಿನವರೆಗಿನ ಉದ್ದವನ್ನೂ (ಇದು ಸಾಮಾನ್ಯವಾಗಿ 35 ಅಥವಾ 36 ಸೆಂಟಿಮೀಟರ್ ಇರುತ್ತದೆ), ನಳಿಗೆಯ ಮೇಲಿನ ನೇರಗೆರೆಯಿಂದ ಹಿಡಿಯು ಎಷ್ಟು ಕೆಳಗೆ ಇಳಿದಿದೆಯೆಂಬುದನ್ನೂ ಅಳೆದು ಬರೆದಿಟ್ಟುಕೊಳ್ಳತಕ್ಕುದು. ಮುರಿದ ಕೊರಳನ್ನು ಸ್ವಲ್ಪ ಓರೆಯಾಗಿ ಅಂಟಿಸಿದರೂ ಕೋವಿ ಭುಜಕ್ಕೆ ಮೊದಲಿನಂತೆ ಕೂರದು, ಗುರಿ ತಪ್ಪುವುದು.

ಬೇರ್ಪಟ್ಟ ಹಿಡಿಯ ತಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಹಳೆಯ ಕೋವಿಗಳಲ್ಲಿ ಸಾಧಾರಣವಾಗಿ ಕಾಣುವುದು ಎಣ್ಣೆಯ ಕಪ್ಪು. ಬಾಯಿ ಮೇಲಾಗಿ ನಿಲ್ಲಿಸಿಟ್ಟ ಕೋವಿಗೆ ಮಳೆಗಾಲದ ತುಕ್ಕಿಗೆ ಹೆದರಿ ವರ್ಷಗಟ್ಟಲೆ ಹಚ್ಚಿದ ಎಣ್ಣೆಯೆಲ್ಲ ನಳಿಗೆಯಿಂದ ಒಡಲಿಗೆ, ಒಡಲಿನಿಂದ ಮರಕ್ಕೆ ಇಳಿದು, ಮರವನ್ನು ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ ಮಾಡಿರುತ್ತದೆ. ಎಣ್ಣೆ ಕುಡಿದ ಮರವನ್ನು ಯಾವ ಅಂಟೂ ಹಿಡಿಯದು. ನನ್ನ ಅಭಿಪ್ರಾಯದಲ್ಲಿ, ಮಾಡಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಬಿಟ್ಟುಕೊಳ್ಳುವ ದುರಸ್ತಿಗಳ ಮೂಲ ಈ ಒಂದು ಅಲಕ್ಷ್ಯವೇ. ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ, ಗಟ್ಟಿಯಾದ ಲೇಪವಾಗಿ ಮರದ ತಲೆಗೂ ಬಿರುಕಿನ ಬಾಯಿಗೂ ಬಳಿದು ಒಣಗಲು ಬಿಟ್ಟರೆ, ಒಣಗುತ್ತ ಹೋದಂತೆ ಬಿಳಿಯ ಪುಡಿ ಒಳಗಿನ ಎಣ್ಣೆಯನ್ನು ಹೀರಿ ಕಂದುಬಣ್ಣಕ್ಕೆ ತಿರುಗುತ್ತದೆ. ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ ಮತ್ತೆ ಹೊಸ ಲೇಪವನ್ನು ಹಚ್ಚಬೇಕು. ಪುಡಿ ಬಿಳಿಯಾಗಿಯೇ ಉಳಿಯುವ ತನಕ ಇದನ್ನು ಪುನರಾವರ್ತಿಸುವುದೇ ಕ್ರಮ. ಬಹಳ ಎಣ್ಣೆಯಿದ್ದರೆ ವಾರವೇ ಹಿಡಿಯಬಹುದು. ಅಸಿಟೋನಿನ ಆವಿ ಬೇಗನೆ ಹೊತ್ತಿಕೊಳ್ಳತಕ್ಕುದಾದ ಕಾರಣ ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದಲೂ ಬೀಡಿಯಿಂದಲೂ ದೂರದಲ್ಲಿ ನಡೆಯಬೇಕು.

ಅಂಟಿನ ವಿಷಯದಲ್ಲಿ ದೀರ್ಘ ಚರ್ಚೆ ಬೇಕಿಲ್ಲ. ಬಡಗಿಗಳು ನಿತ್ಯವೂ ಬಳಸುವ ಬಿಳಿಯ ಗೋಂದು ಕುರ್ಚಿ ಮೇಜುಗಳಿಗೆ ಉತ್ತಮವಾದರೂ ಸತತ ಒತ್ತಡದಲ್ಲಿ ನಿಧಾನವಾಗಿ ಜರುಗುವ ಸ್ವಭಾವದ್ದು, ತೇವಕ್ಕೂ ಸೋಲುವಂಥದು. ಕೋವಿಗೆ ಎರಡು ಟ್ಯೂಬುಗಳನ್ನು ಬೆರೆಸಿ ಬಳಸುವ ಎಪಾಕ್ಸಿಯೇ ಸರಿ, ಅದರಲ್ಲಿಯೂ ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯಲ್ಲ, ಒಂದು ಹಗಲಿರುಳು ತೆಗೆದುಕೊಳ್ಳುವ ಬಗೆ. ಅರೆಬಿರಿದ ಹಿಡಿಯಲ್ಲಿ ಬಿರುಕನ್ನು ಬಲವಂತವಾಗಿ ಅಗಲಿಸದೆ, ಕೈಯಿಂದ ಮೆಲ್ಲನೆ ಬಾಗಿಸಿ ಅದು ಬಾಯಿ ತೆರೆಯುವಷ್ಟನ್ನೇ ತೆರೆಯಿಸಿ, ತುಸು ಬೆಚ್ಚಗೆ ಮಾಡಿ ತೆಳುವಾಗಿಸಿದ ಎಪಾಕ್ಸಿಯನ್ನು ಮೇಲಿನಿಂದ ಬಿಟ್ಟು, ಸಪುರವಾದ ಉಕ್ಕಿನ ಅಲಗಿನಿಂದ ಆಳದವರೆಗೆ ನೂಕಬೇಕು. ಅದು ಬಿರುಕಿನ ಇನ್ನೊಂದು ಮಗ್ಗುಲಿನಲ್ಲಿ ಹನಿಯಾಗಿ ಒಸರಿದಾಗ ಮಾತ್ರ ಒಳಗೆಲ್ಲ ತುಂಬಿತೆಂದು ತಿಳಿಯತಕ್ಕುದು. ಎರಡು ತುಂಡಾದ ಹಿಡಿಯನ್ನು ಅಂಟಿಲ್ಲದೆ ಮೊದಲೊಮ್ಮೆ ಜೋಡಿಸಿ, ಸಿಬಿರುಗಳು ತಂತಮ್ಮ ಸ್ಥಾನದಲ್ಲಿ ಕೂರುವುವೇ ಎಂದು ಪರೀಕ್ಷಿಸಿಯೇ ಅಂಟು ಕಲಸಬೇಕು. ಕೊರಳು ದುಂಡಗೂ ಓರೆಯಾಗಿಯೂ ಇರುವುದರಿಂದ ಕಬ್ಬಿಣದ ಕ್ಲಾಂಪು ಅಲ್ಲಿ ಜಾರುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸುತ್ತು ಹಾಕುತ್ತ ಹೋದರೆ ಎಲ್ಲ ಕಡೆಯಿಂದಲೂ ಸಮನಾದ ಒತ್ತಡ ಬೀಳುತ್ತದೆ, ಮತ್ತು ಎಪಾಕ್ಸಿ ರಬ್ಬರಿಗೆ ಅಷ್ಟಾಗಿ ಅಂಟುವುದೂ ಇಲ್ಲ. ಹೊರಗೆ ಒಸರಿದುದನ್ನು ಗಟ್ಟಿಯಾಗುವ ಮುನ್ನವೇ ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿಬಿಡಬಹುದು.

ಬೀಟೆ ಮರದ ಹಿಡಿಯಾದರೆ ಒಂದು ವಿಶೇಷ ಎಚ್ಚರ. ಊರಿನ ಬಡಗಿಗಳ ಕೈಯಿಂದ ಹಿಂದೆ ಯಾವಾಗಲೋ ಹೊಸ ಹಿಡಿ ಹಾಕಿಸಿಕೊಂಡ ಕೋವಿಗಳಲ್ಲಿ ಈ ಮರ ಸಿಗಬಹುದು. ಅದರ ಎಣ್ಣೆ ಹೊರಗಿನಿಂದ ಬಂದುದಲ್ಲ, ಹುಟ್ಟಿನಿಂದಲೇ ಇರುವುದು. ಆದುದರಿಂದ ಅಂಟಿಸುವ ಕ್ಷಣದಲ್ಲಿಯೇ ಎರಡು ಮುಖಗಳನ್ನೂ ಅಸಿಟೋನಿನಿಂದ ಒರಸಿ, ತಡಮಾಡದೆ ಅಂಟು ಹಾಕಬೇಕು.

ಅಡ್ಡಕ್ಕೆ ಮುರಿದ ಕೊರಳಿಗೂ, ಅಂಟಿಸಿದ ಮೇಲೂ ಸಂಶಯವಿರುವ ಉದ್ದಬಿರುಕಿಗೂ ಒಳಗೆ ಒಂದು ಊರೆಯನ್ನು ಕೊಡುವುದು ಅವಶ್ಯ. ಮೂರು ಅಥವಾ ನಾಲ್ಕು ಮಿಲಿಮೀಟರ್ ದಪ್ಪದ, ಮೈಯೆಲ್ಲ ತಿರುಪಿನ ಗೆರೆಗಳುಳ್ಳ ಹಿತ್ತಾಳೆಯ ಕಡ್ಡಿ ಇದಕ್ಕೆ ಪ್ರಶಸ್ತ. ಗೆರೆಗಳ ಸಂದಿನಲ್ಲಿ ಎಪಾಕ್ಸಿ ತುಂಬಿಕೊಂಡು ಕಡ್ಡಿಯನ್ನು ಮರಕ್ಕೆ ಬಂಧಿಸುತ್ತದೆ. ಬೈರಿಗೆಯನ್ನು ಹೊರಮೈಯಿಂದ ಹಾಕುವುದು ಸುಲಭವಾದರೂ ಬಲ್ಲ ಕಸುಬುದಾರನು ಉಕ್ಕಿನ ಬಾಲ ಮುಚ್ಚುವ ಗೂಡಿನ ಒಳಗಿನಿಂದ, ಬಿರುಕನ್ನು ಓರೆಯಾಗಿ ದಾಟುವಂತೆ ರಂಧ್ರವನ್ನು ಕೊರೆಯುತ್ತಾನೆ. ಕೋವಿಯನ್ನು ಜೋಡಿಸಿದ ಮೇಲೆ ಆ ರಂಧ್ರ ಯಾರ ಕಣ್ಣಿಗೂ ಕಾಣದು. ಉದ್ದನೆಯ ಬೋಲ್ಟು ಹಾದುಹೋಗುವ ದಾರಿಗೆ ಕಡ್ಡಿ ಅಡ್ಡಬರದಂತೆ ಮೊದಲೇ ಗುರುತು ಹಾಕಿಕೊಳ್ಳಬೇಕೆಂಬುದನ್ನು ಹೇಳಬೇಕಾದುದಿಲ್ಲ. ಅಮೆರಿಕದ ಬಯಲುನಾಡುಗಳ ಮೂಲನಿವಾಸಿಗಳು ಬಿರಿದ ಕೊರಳಿಗೆ ಹಸಿಯ ತೊಗಲನ್ನು ಸುತ್ತಿ ಹೊಲಿದುಬಿಡುತ್ತಿದ್ದರು, ಒಣಗಿದಾಗ ಅದು ಬಿಗಿದುಕೊಂಡು ಕಬ್ಬಿಣದ ಪಟ್ಟಿಯಂತೆ ಹಿಡಿಯುತ್ತಿತ್ತು. ಆ ಉಪಾಯ ನಮ್ಮ ಮಳೆನಾಡಿನ ತೇವದಲ್ಲಿ ನಿಲ್ಲದು.

ಇಲ್ಲಿಗೆ ಬಿರುಕಿನ ಕೆಲಸ ಮುಗಿಯಿತು, ಕಾರಣದ ಕೆಲಸ ಉಳಿಯಿತು. ಅಂಗಡಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ. ಉಕ್ಕಿನ ಹಿಂಬದಿಯ ಮುಖಗಳನ್ನು ಎಣ್ಣೆಯ ದೀಪದ ಕುಡಿಯ ಮೇಲೆ ಹಿಡಿದರೆ, ಅಥವಾ ದೀಪದ ಮಸಿಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ತೆಳುವಾಗಿ ಸವರಿದರೆ, ಕರಿಯ ಪದರವೊಂದು ನಿಲ್ಲುವುದು. ಹಾಗೆಯೇ ಹಿಡಿಯನ್ನು ತೊಡಿಸಿ, ಬುಡಕ್ಕೆ ಅಂಗೈಯಿಂದ ಒಮ್ಮೆ ತಟ್ಟಿ, ಹೊರತೆಗೆದು ನೋಡಬೇಕು. ಮರದ ತಲೆಯ ಎರಡೂ ಕೆನ್ನೆಗಳ ಮೇಲೆ ಹರಡಿದಂತೆ ಕರಿಯ ಚುಕ್ಕೆಗಳು ಬಿದ್ದಿರಬೇಕಾದಲ್ಲಿ, ಬಿರಿದ ಹಿಡಿಯಲ್ಲಿ ಕಾಣುವುದು ಬೇರೆ: ಒಂದು ಕೆನ್ನೆಯ ಅಂಚಿನಲ್ಲಿ ಕಾಳಿನಷ್ಟು ಗುರುತು, ಬಾಲದ ಗೂಡಿನ ಕೊನೆಯಲ್ಲಿ ಇನ್ನೊಂದು ದಟ್ಟವಾದ ಗುರುತು, ಉಳಿದಂತೆ ಬರಿಯ ಮರ. ಗುಂಡಿನ ಹೊಡೆತವಷ್ಟೂ ಈ ಎರಡು ಬಿಂದುಗಳ ಮೇಲೆ ಇಷ್ಟು ವರ್ಷ ಬೀಳುತ್ತಿತ್ತೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷ್ಯ ಬೇಕಿಲ್ಲ. ಚೂಪಾದ ಉಳಿಯಿಂದ ಕರಿಯ ಚುಕ್ಕೆ ಇರುವಲ್ಲಿ ಮಾತ್ರ ಕೂದಲಿನಷ್ಟು ಕೆರೆದು, ಮತ್ತೆ ಮಸಿ ಹಚ್ಚಿ, ಮತ್ತೆ ತೊಡಿಸಿ, ಮತ್ತೆ ನೋಡುತ್ತ, ಗುರುತುಗಳು ಎರಡೂ ಕೆನ್ನೆಗಳಿಗೆ ಹರಡುವ ತನಕ ಮುಂದುವರಿಯಬೇಕು. ಇದು ಕಣ್ಣಿಗೆ ನಿಧಾನದ ಕೆಲಸವೆನಿಸಿದರೂ ಉತ್ತಮ ಕಸುಬುದಾರನ ಕೈಯನ್ನು ಗುರುತಿಸುವುದು ಇಲ್ಲಿಯೇ ಎಂದು ನಾನು ದೃಢವಾಗಿ ನಂಬುತ್ತೇನೆ. ಬಾಲದ ಕೊನೆಗೆ ಮಾತ್ರ ಮರವು ತಾಗಲೇಕೂಡದು. ಅಲ್ಲಿ ಅರ್ಧದಿಂದ ಒಂದು ಮಿಲಿಮೀಟರಿನಷ್ಟು ತೆರಪನ್ನು ಉದ್ದೇಶಪೂರ್ವಕವಾಗಿ ಬಿಡತಕ್ಕುದು. ಆ ಸಣ್ಣ ತೆರಪನ್ನು ಕಂಡು ಕೆಲಸ ಸರಿಯಾಗಿಲ್ಲವೆಂದು ಯಾರೂ ಆಕ್ಷೇಪಿಸಬಾರದು.

ಮರವು ತೀರ ಸವೆದು ಕುಗ್ಗಿದ್ದರೆ ಕೆರೆಯುವುದರಿಂದ ಪ್ರಯೋಜನವಿಲ್ಲ. ಆಗ ಮರದ ಹುಡಿಯನ್ನು ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಕೆನ್ನೆಗಳಿಗೆ ಹಚ್ಚಿ, ಉಕ್ಕಿಗೆ ದಟ್ಟವಾಗಿ ಮೇಣವನ್ನು ಅಥವಾ ಬಣ್ಣವಿಲ್ಲದ ಬೂಟ್ ಪಾಲಿಶನ್ನು ಸವರಿ, ಎರಡನ್ನೂ ಜೋಡಿಸಿ ಬಿಟ್ಟರೆ ಉಕ್ಕಿನ ಅಚ್ಚಿನಂತೆಯೇ ಹೊಸ ಆಸನವೊಂದು ರೂಪುಗೊಳ್ಳುತ್ತದೆ. ಬೋಲ್ಟಿನ ಮೈಗೂ ಅದರ ತಿರುಪಿನ ಗೆರೆಗಳಿಗೂ ಮೇಣವನ್ನು ಹಚ್ಚಲು ಮರೆತರೆ ಹಿಡಿಯೂ ಒಡಲೂ ಶಾಶ್ವತವಾಗಿ ಅಂಟಿಕೊಳ್ಳುವುವು. ಟ್ರಿಗರಿನ ಯಂತ್ರಭಾಗಗಳು ಚಲಿಸುವ ಕಡೆಗೆ ಒಂದು ಹನಿಯೂ ಹರಿಯದಂತೆ ಮೇಣದ ಮುದ್ದೆಯಿಂದ ಸಂದುಗಳನ್ನು ಮುಚ್ಚಿರಬೇಕು.

ಹೊರಗಿನ ಮೆರುಗು ಸುಲಭ. ಉಪ್ಪುಕಾಗದದಿಂದ ಎಳೆಯ ದಿಕ್ಕಿನಲ್ಲಿಯೇ ಉಜ್ಜಿ, ಪೇಲವವಾದ ಬೀಚ್ ಮರಕ್ಕೆ ಬೇಕಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳು ದ್ರಾವಣದಿಂದ ಕಂದುಬಣ್ಣ ಕೊಟ್ಟು, ಕಾಯಿಸಿದ ಅಗಸೆ ಎಣ್ಣೆಯನ್ನು ಅಂಗೈಯಿಂದ ಬಿಸಿಯಾಗುವಂತೆ ತಿಕ್ಕುತ್ತ ತೆಳುತೆಳುವಾಗಿ ಹಲವು ಸಲ ಹಚ್ಚಿದರೆ ಸಾಕು. ಆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ತಾವೇ ಕಾವೇರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ, ನೀರಿನಲ್ಲಿ ಅದ್ದಿ ಬಯಲಿನಲ್ಲಿ ಹರವಿ ಒಣಗಿಸತಕ್ಕುದು. ಕಣ್ಣಿಗೆ ಕಾಣದ ಭಾಗಗಳಾದ ಬುಡದ ಮುಚ್ಚಳದ ಕೆಳಗಣ ಮರಕ್ಕೂ ತಲೆಯ ಒಳಮೈಗೂ ವಾರ್ನಿಷಿನ ಒಂದು ಪದರ ಅತ್ಯಗತ್ಯ. ಎಳೆಗಳ ಬಾಯಿ ತೆರೆದಿರುವ ಆ ಕಡೆಯಿಂದಲೇ ಆಷಾಢ ಶ್ರಾವಣಗಳ ತೇವ ಒಳನುಗ್ಗುವುದು.

ಅಂಟು ಹಾಕಿದ ದಿನದಿಂದ ಒಂದು ವಾರವಾದರೂ ಕಳೆಯದೆ ಕೋವಿಯನ್ನು ಹಾರಿಸಲಾಗದು. ಮೊದಲ ಪರೀಕ್ಷೆಯನ್ನು ರಿಪೇರಿಯವರೇ, ಹಗುರವಾದ ತೋಟಾದಿಂದ, ಭುಜಕ್ಕೆ ಒತ್ತದೆ ಕೋವಿಯನ್ನು ಭದ್ರವಾಗಿ ಆನಿಸಿಟ್ಟು ಮಾಡುವುದು ಕ್ಷೇಮ. ಮನೆಗೆ ತಂದ ಮೇಲೆ ಯಜಮಾನನು ಗಮನಿಸಬೇಕಾದುದು ಎರಡೇ ಸಂಗತಿ: ಎಣ್ಣೆ ಹಚ್ಚಿದ ದಿನ ಕೋವಿಯನ್ನು ಬಾಯಿ ಕೆಳಗಾಗಿ, ಹಳೆಯ ಬಟ್ಟೆಯ ಮೇಲೆ ನಿಲ್ಲಿಸಿ ಹೆಚ್ಚಿನ ಎಣ್ಣೆ ಹೊರಗೆ ಇಳಿದುಹೋಗಲು ಬಿಡುವುದು; ಮತ್ತು ಹೊಸದಾಗಿ ಕೂರಿಸಿದ ಮರವು ಹವೆಗೆ ಹೊಂದಿಕೊಳ್ಳುತ್ತಿರುವ ಮೊದಲ ವರ್ಷದಲ್ಲಿ, ಮಳೆ ಹಿಂದೆಸರಿದ ಬಳಿಕ ಒಮ್ಮೆ, ಬೇಸಗೆಯ ನಡುವೆ ಒಮ್ಮೆ, ಖಾಲಿ ಕೋವಿಯ ನಳಿಗೆಯನ್ನು ಒಂದು ಕೈಯಲ್ಲಿಯೂ ಹಿಡಿಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಮೆಲ್ಲನೆ ತಿರುಚಿ ನೋಡಿ, ಎಲ್ಲಿಯಾದರೂ ಅಲುಗಾಟ ಕಂಡರೆ ತೋಟಾ ಹಾಕುವ ಮುನ್ನವೇ ರಿಪೇರಿಯವರಲ್ಲಿಗೆ ಒಯ್ದು ಬೋಲ್ಟನ್ನು ಬಿಗಿ ಮಾಡಿಸುವುದು.